ಮೆಂಫಿಸ್‌ನ ಒಂದು ಸಣ್ಣ ಅಂಗಡಿ: ಸನ್ ರೆಕಾರ್ಡ್ಸ್‌ನ ಒಳಮನೆಯ ಕಥೆ



ಸಂಗೀತದ ಚರಿತ್ರೆ ಎಂದರೆ ಸಾಮಾನ್ಯವಾಗಿ ಹಾಡಿದವರ ಚರಿತ್ರೆ. ಗಾಯಕನ ಹೆಸರು ಉಳಿಯುತ್ತದೆ. ಆ ಹಾಡನ್ನು ಯಂತ್ರದಲ್ಲಿ ಹಿಡಿದಿಟ್ಟವರು, ತಟ್ಟೆಗಳ ಲೆಕ್ಕ ಬರೆದವರು, ಪೆಟ್ಟಿಗೆಗಳನ್ನು ಕಾರಿನಲ್ಲಿ ತುಂಬಿಕೊಂಡು ಊರೂರು ಅಲೆದವರು, ಸಾಲ ಕೊಟ್ಟವರಿಗೆ ಸಮಾಧಾನ ಹೇಳಿದವರು ನೇಪಥ್ಯಕ್ಕೆ ಸರಿಯುತ್ತಾರೆ. ಆದರೆ ಧ್ವನಿಮುದ್ರಣ ಎಂಬುದು ಕಲೆಯಾಗಿರುವಷ್ಟೇ ವ್ಯಾಪಾರವೂ ಹೌದು. ಸಣ್ಣ ವ್ಯಾಪಾರದಲ್ಲಂತೂ ಒಡೆಯ, ಗುಮಾಸ್ತೆ, ಕಲಾವಿದ, ಮೆಕ್ಯಾನಿಕ್ಕು ಎಲ್ಲರೂ ಒಂದೇ ಕೋಣೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ದುಡಿಯಬೇಕು. ಅಲ್ಲಿ ನಡೆಯುವ ಜಗಳ, ಎಡವಟ್ಟು, ಆಕಸ್ಮಿಕಗಳು ಕೊನೆಗೆ ಹಾಡಿನೊಳಗೇ ಸೇರಿಬಿಡುತ್ತವೆ.

ಇದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿದ್ದ ಸನ್ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ. ಎಲ್ವಿಸ್ ಪ್ರೆಸ್ಲಿಯ ಹೆಸರು ಕೇಳದವರು ಕಡಿಮೆ. ಆತನ ಮೊದಲ ತಟ್ಟೆಯನ್ನು ಹೊರತಂದ ಸಂಸ್ಥೆಯಲ್ಲಿ ಆಗ ದಿನವೂ ಬಾಗಿಲು ತೆರೆದು ಕೂರುತ್ತಿದ್ದವರು ಇಬ್ಬರೇ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಒಬ್ಬ ಸ್ಯಾಮ್ ಫಿಲಿಪ್ಸ್. ಇನ್ನೊಬ್ಬಳು ಮ್ಯಾರಿಯನ್ ಕೈಸ್ಕರ್.

ಬಾಡಿಗೆ ಕೋಣೆ, ಪಕ್ಕದ ಹೋಟೆಲು

ಸ್ಯಾಮ್ ಫಿಲಿಪ್ಸ್ ಹುಟ್ಟಿದ್ದು 1923ರಲ್ಲಿ, ಅಲಬಾಮಾ ರಾಜ್ಯದ ಫ್ಲಾರೆನ್ಸ್ ಊರಿನ ಬಳಿ. ಹೊಲ ಮಾಡುತ್ತಿದ್ದ ಕುಟುಂಬದ ಎಂಟು ಮಕ್ಕಳಲ್ಲಿ ಕೊನೆಯವನು. ಹತ್ತಿ ಹೊಲದಲ್ಲಿ ಕಪ್ಪು ಕೂಲಿಕಾರರ ಜೊತೆ ದುಡಿಯುತ್ತಾ ಅವರ ಹಾಡುಗಳನ್ನು ಕೇಳಿ ಬೆಳೆದ. ತಂದೆ ತೀರಿಕೊಂಡ ಮೇಲೆ ಓದು ನಿಂತಿತು. ರೇಡಿಯೋದಲ್ಲಿ ಉದ್ಘೋಷಕನಾಗಿ, ತಂತ್ರಜ್ಞನಾಗಿ ಪಳಗಿ 1945ರಲ್ಲಿ ಮೆಂಫಿಸ್‌ನ ಡಬ್ಲ್ಯೂಆರ್‌ಇಸಿ ಕೇಂದ್ರ ಸೇರಿದ. ನಗರದ ಅತ್ಯಂತ ಪ್ರತಿಷ್ಠಿತ ಹೋಟೆಲಾದ ಪೀಬಾಡಿಯಿಂದ ನೃತ್ಯವಾದ್ಯಗಳ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವುದು ಆತನ ಕೆಲಸ. ಸಂಬಳ ಬರುತ್ತಿತ್ತು, ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಅಚ್ಚುಕಟ್ಟಾಗಿ ನುಡಿಸುವ ಆ ಸಂಗೀತದಲ್ಲಿ ಜೀವ ಇಲ್ಲವೆಂದು ಆತನಿಗೆ ತೋರುತ್ತಿತ್ತು.

ಅದೇ ಕೇಂದ್ರದಲ್ಲಿ ಮ್ಯಾರಿಯನ್ ಕೈಸ್ಕರ್ ಕೆಲಸಕ್ಕಿದ್ದಳು. 1917ರಲ್ಲಿ ಮೆಂಫಿಸ್‌ನಲ್ಲೇ ಹುಟ್ಟಿದವಳು, ಕಾಲೇಜು ಓದಿದವಳು, ಊರಿನ ಜನಕ್ಕೆ ಧ್ವನಿಯಿಂದಲೇ ಪರಿಚಿತಳು. ಕಿಟ್ಟಿ ಕೆಲಿ ಎಂಬ ಹೆಸರಿನಲ್ಲಿ ಆಕೆ ನಡೆಸುತ್ತಿದ್ದ ಕಾರ್ಯಕ್ರಮ ಜನಪ್ರಿಯವಾಗಿತ್ತು. ಗಂಡನಿಂದ ಬೇರೆಯಾಗಿ ಮಗನನ್ನು ಒಬ್ಬಳೇ ಸಾಕುತ್ತಿದ್ದಳು. ಸ್ಯಾಮ್ ಸ್ವಂತ ಧ್ವನಿಮುದ್ರಣ ಕೇಂದ್ರದ ಕನಸು ಹೇಳಿದಾಗ ಕೈಜೋಡಿಸಿದಳು. ಯೂನಿಯನ್ ಅವೆನ್ಯೂ ಎಂಬ ರಸ್ತೆಯ 706ನೇ ನಂಬರಿನ ಮಳಿಗೆಯನ್ನು ತಿಂಗಳಿಗೆ 150 ಡಾಲರ್ ಬಾಡಿಗೆಗೆ ಹಿಡಿದು, ಇಬ್ಬರೂ ಸೇರಿ ಗೋಡೆಗೆ ಬಣ್ಣ ಹೊಡೆದರು, ನೆಲಕ್ಕೆ ಬಿಲ್ಲೆ ಕೂರಿಸಿದರು. 1950ರ ಜನವರಿಯಲ್ಲಿ ಮೆಂಫಿಸ್ ರೆಕಾರ್ಡಿಂಗ್ ಸರ್ವಿಸ್ ಬಾಗಿಲು ತೆರೆಯಿತು.

ಜಾಗ ಎಷ್ಟು ಇಕ್ಕಟ್ಟಾಗಿತ್ತೆಂದರೆ ಒಡೆಯನಿಗೆ ಕೂರಲು ಕಚೇರಿಯೇ ಇರಲಿಲ್ಲ. ಮುಂದೊಂದು ಚಿಕ್ಕ ಮುಂಗೋಣೆ, ಅಲ್ಲಿ ಮ್ಯಾರಿಯನ್‌ಳ ಮೇಜು. ಅದರ ಹಿಂದೆ ಸುಮಾರು 18 ಅಡಿ ಅಗಲ, 30 ಅಡಿ ಉದ್ದದ ಹಾಡುವ ಕೋಣೆ. ಅದರಾಚೆ ಯಂತ್ರಗಳ ಕೋಣೆ. ವ್ಯವಹಾರದ ಮಾತುಕತೆಗೆ ಪಕ್ಕದಲ್ಲೇ ಇದ್ದ ಟೇಲರ್ ಹೋಟೆಲೇ ಗತಿ. ಕಿಟಕಿ ಬದಿಯ ಮೂರನೆಯ ಮೇಜು ಸ್ಯಾಮ್‌ನ ಖಾಯಂ ಕಚೇರಿಯಾಯಿತು.

ಏನನ್ನಾದರೂ, ಎಲ್ಲಿಯಾದರೂ, ಯಾವಾಗಲಾದರೂ ಧ್ವನಿಮುದ್ರಿಸಿಕೊಡುತ್ತೇವೆ ಎಂಬುದು ಅಂಗಡಿಯ ಘೋಷಣೆ. ಕೇಳಲು ದೊಡ್ಡ ಮಾತು, ಅದರ ಅರ್ಥ ಮಾತ್ರ ಬಾಡಿಗೆ ಕಟ್ಟಲು ಏನು ಸಿಕ್ಕರೂ ಬಿಡುವುದಿಲ್ಲ ಎಂಬುದು. ಮದುವೆಯಾಗಲಿ, ಶವಸಂಸ್ಕಾರದ ಪ್ರಾರ್ಥನೆಯಾಗಲಿ, ಸಂಘಸಂಸ್ಥೆಗಳ ಭಾಷಣವಾಗಲಿ, ಎಲ್ಲದಕ್ಕೂ ಸ್ಯಾಮ್ ಯಂತ್ರ ಹೊತ್ತು ಹೋಗುತ್ತಿದ್ದ. ನಡುನಡುವೆ ಬಿಡುವು ಸಿಕ್ಕಾಗ ತನಗೆ ನಿಜವಾಗಿ ಬೇಕಾದ ಕೆಲಸ ಮಾಡುತ್ತಿದ್ದ: ಬೀಲ್ ಸ್ಟ್ರೀಟ್ ಕಡೆಯ ಕಪ್ಪು ಗಾಯಕರನ್ನು ಕರೆದು ಹಾಡಿಸುವುದು.

ಆ ಕಾಲದ ಮೆಂಫಿಸ್ ಎಂಥದೆಂದು ಇಲ್ಲಿ ನೆನಪಿಡಬೇಕು. ಶಾಲೆ, ಬಸ್ಸು, ಹೋಟೆಲು ಎಲ್ಲ ಕಡೆಯೂ ಬಿಳಿಯರಿಗೊಂದು ಜಾಗ, ಕಪ್ಪು ಜನರಿಗೊಂದು ಜಾಗ. ಇಂಥ ಊರಿನಲ್ಲಿ ಬಿಳಿಯನೊಬ್ಬ ಕಪ್ಪು ಕಲಾವಿದರೊಡನೆ ಗಂಟೆಗಟ್ಟಲೆ ಒಂದೇ ಕೋಣೆಯಲ್ಲಿ ಕೂರುವುದು ರೇಡಿಯೋ ಕೇಂದ್ರದ ಸಹೋದ್ಯೋಗಿಗಳಿಗೆ ಹಾಸ್ಯದ ವಸ್ತುವಾಯಿತು. ಬೆಳಿಗ್ಗೆ ಕೆಲಸಕ್ಕೆ ಬಂದರೆ ಕೊಂಕು ಮಾತು ಕಾದಿರುತ್ತಿತ್ತು. ಎರಡು ದುಡಿಮೆಗಳ ಭಾರ, ಸಾಲದ ಚಿಂತೆ, ಈ ಮೂದಲಿಕೆ ಎಲ್ಲ ಸೇರಿ 1951ರಲ್ಲಿ ಸ್ಯಾಮ್‌ನ ಮನಸ್ಸು ಕುಸಿಯಿತು. ಆಸ್ಪತ್ರೆ ಸೇರಿ ವಿದ್ಯುತ್ ಆಘಾತದ ಚಿಕಿತ್ಸೆಯನ್ನೂ ಪಡೆಯಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ರೇಡಿಯೋ ಕೆಲಸ ಬಿಟ್ಟ. ಇನ್ನು ಅಂಗಡಿಯೇ ಅನ್ನ ಕೊಡಬೇಕು.

ಹರಿದ ಸ್ಪೀಕರಿಗೆ ಕಾಗದದ ಮದ್ದು

ಆ ವರ್ಷದ ಮಾರ್ಚ್ ತಿಂಗಳಲ್ಲೇ ಅಂಗಡಿಯ ಅತ್ಯಂತ ಪ್ರಸಿದ್ಧ ಎಡವಟ್ಟು ನಡೆದಿತ್ತು. ಐಕ್ ಟರ್ನರ್ ಎಂಬ ಯುವಕನ ವಾದ್ಯಗೋಷ್ಠಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಿಂದ ಕಾರಿನಲ್ಲಿ ಬಂತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್‌ನ ಆಂಪ್ಲಿಫೈಯರ್ ಹಾಳಾಯಿತು. ಕಾರಿನಿಂದ ಬಿತ್ತು ಎನ್ನುವವರೂ ಇದ್ದಾರೆ, ಮಳೆಯಲ್ಲಿ ನೆನೆಯಿತು ಎನ್ನುವವರೂ ಇದ್ದಾರೆ. ಸ್ಪೀಕರಿನ ಕಾಗದದ ಬಟ್ಟಲು ಹರಿದಿದ್ದಂತೂ ನಿಜ. ಸ್ವಿಚ್ ಹಾಕಿದರೆ ಸ್ವರದ ಜೊತೆ ಗುಂಯ್‌ಗುಡುವ ಕರ್ಕಶ ಸದ್ದು.

ದೊಡ್ಡ ಕಂಪನಿಯಾಗಿದ್ದರೆ ಇನ್ನೊಂದು ಯಂತ್ರ ತರಿಸುತ್ತಿದ್ದರು. ಇಲ್ಲವೇ ಕಾರ್ಯಕ್ರಮ ಮುಂದೂಡುತ್ತಿದ್ದರು. ಇಲ್ಲಿ ಎರಡಕ್ಕೂ ಅನುಕೂಲವಿರಲಿಲ್ಲ. ಸ್ಯಾಮ್ ಕಾಗದವನ್ನು ಮುದ್ದೆ ಮಾಡಿ ಹರಿದ ಜಾಗಕ್ಕೆ ತುರುಕಿದ. ಸದ್ದು ಹೋಗಲಿಲ್ಲ, ಸ್ವಲ್ಪ ಬೇರೆಯಾಯಿತು. ತಂತಿವಾದ್ಯಕ್ಕೆ ಸ್ಯಾಕ್ಸೋಫೋನಿನ ಒರಟುತನ ಬಂದ ಹಾಗಿತ್ತು. ಅದನ್ನು ಹಿಂದಕ್ಕೆ ತಳ್ಳಿ ಮುಚ್ಚಿಡುವ ಬದಲು ಮುಂದಕ್ಕೆ ತಂದು ಧ್ವನಿಮುದ್ರಿಸಿದ. ‘ರಾಕೆಟ್ 88’ ಎಂಬ ಆ ಹಾಡು ಷಿಕಾಗೋದ ಚೆಸ್ ಕಂಪನಿಯ ಮೂಲಕ ಹೊರಬಂದು, ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರಾಕ್ ಅಂಡ್ ರೋಲ್ ಸಂಗೀತದ ಮೊದಲ ತಟ್ಟೆ ಇದೇ ಎಂದು ವಾದಿಸುವವರು ಬಹಳ ಮಂದಿ. ಆ ವಾದ ಏನೇ ಇರಲಿ, ಮುಂದೆ ಲಕ್ಷಾಂತರ ಗಿಟಾರ್ ವಾದಕರು ಹಣ ಕೊಟ್ಟು ಕೊಂಡ ಒಡಕು ಸ್ವರ ಇಲ್ಲಿ ಕೆಟ್ಟ ಯಂತ್ರದಿಂದ ಪುಕ್ಕಟೆಯಾಗಿ ಸಿಕ್ಕಿತ್ತು.

ಆದರೆ ತಟ್ಟೆಯ ಚೀಟಿಯ ಮೇಲೆ ಅಚ್ಚಾದದ್ದು ಹಾಡಿದ ಜಾಕಿ ಬ್ರೆನ್‌ಸ್ಟನ್ ಹೆಸರು. ಗೋಷ್ಠಿಯ ನಾಯಕ ಐಕ್ ಟರ್ನರ್ ಕೊನೆಯವರೆಗೂ ಇದಕ್ಕೆ ಕೊರಗಿದ. ಹೆಸರು ಯಾರಿಗೆ ಸಲ್ಲಬೇಕು ಎಂಬ ಈ ಜಗಳ ಅಂಗಡಿಯ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಗೆದ್ದರೆ ಕಷ್ಟ

ಬೇರೆಯವರಿಗೆ ಹಾಡು ಮಾಡಿಕೊಟ್ಟರೆ ಲಾಭವೂ ಬೇರೆಯವರಿಗೆ, ಕಲಾವಿದರೂ ಬೇರೆಯವರಿಗೆ. ಹೌಲಿನ್ ವುಲ್ಫ್ ಎಂಬ ಅಸಾಧಾರಣ ಗಾಯಕ ಹೀಗೆಯೇ ಷಿಕಾಗೋಗೆ ಹೊರಟುಹೋದ. ಆತನನ್ನು ಕಳೆದುಕೊಂಡದ್ದೇ ತನ್ನ ಜೀವನದ ದೊಡ್ಡ ನಷ್ಟವೆಂದು ಸ್ಯಾಮ್ ಮುಂದೆಯೂ ಹೇಳುತ್ತಿದ್ದ. ಆದ್ದರಿಂದ 1952ರಲ್ಲಿ ಸ್ವಂತ ಹೆಸರಿನಲ್ಲಿ ತಟ್ಟೆ ಹೊರತರಲು ನಿರ್ಧರಿಸಿದ. ಕೂಗುವ ಹುಂಜ, ಹಿಂದೆ ಸೂರ್ಯಕಿರಣ: ಇದು ಸನ್ ರೆಕಾರ್ಡ್ಸ್‌ನ ಗುರುತು. ಅಣ್ಣ ಜಡ್ ಫಿಲಿಪ್ಸ್ ಪಾಲುದಾರನಾಗಿ ಬಂದ. ಮಾತುಗಾರ, ಸಾಮಾನು ಮಾರುವುದರಲ್ಲಿ ಚತುರ, ಖರ್ಚಿನಲ್ಲಿ ಧಾರಾಳಿ. ತಮ್ಮನಿಗೂ ಅಣ್ಣನಿಗೂ ಹಣದ ವಿಷಯದಲ್ಲಿ ತಿಕ್ಕಾಟ ಶುರುವಾಗಲು ತಡವಾಗಲಿಲ್ಲ.

ಸಣ್ಣ ಧ್ವನಿಮುದ್ರಿಕೆ ಕಂಪನಿಯ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ತಟ್ಟೆ ಒತ್ತುವ ಕಾರ್ಖಾನೆಗೆ ಹಣ ಮೊದಲು ಕೊಡಬೇಕು. ಚೀಟಿ, ಹೊದಿಕೆ, ಸಾಗಣೆಯ ಖರ್ಚೂ ಮೊದಲೇ. ಆದರೆ ಮಾಲು ಪಡೆದ ವಿತರಕ ಹಣ ಕೊಡುವುದು ತಿಂಗಳುಗಳ ಮೇಲೆ. ಮಾರಾಟವಾಗದ ತಟ್ಟೆಗಳನ್ನು ಹಿಂದಕ್ಕೂ ಕಳಿಸುತ್ತಾನೆ. ಸಾವಿರ ತಟ್ಟೆಗೆ ಬೇಡಿಕೆ ಬಂದರೆ ಹೇಗೋ ಹೊಂದಿಸಬಹುದು. ಲಕ್ಷ ತಟ್ಟೆಗೆ ಬಂದರೆ? ಅಷ್ಟನ್ನೂ ಒತ್ತಿಸಲು ಸಾಲ ಮಾಡಬೇಕು. ಹಾಡು ಗೆದ್ದಷ್ಟೂ ಸಾಲ ಬೆಳೆಯುತ್ತದೆ. ಸೋತ ಹಾಡಿನಿಂದ ಸಣ್ಣ ಕಂಪನಿ ಸಾಯುವುದಿಲ್ಲ, ಗೆದ್ದ ಹಾಡಿನಿಂದ ಸಾಯಬಹುದು ಎಂಬ ವಿಚಿತ್ರ ಈ ವ್ಯಾಪಾರದಲ್ಲಿದೆ.

ಸನ್‌ಗೆ ಬಂದ ಮೊದಲ ಗೆಲುವು ಈ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿಸಿತು. 1953ರಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ್ದ ‘ಹೌಂಡ್ ಡಾಗ್’ ಎಲ್ಲೆಡೆ ಕೇಳಿಬರುತ್ತಿತ್ತು. ಅದಕ್ಕೆ ಉತ್ತರವಾಗಿ ‘ಬೇರ್ ಕ್ಯಾಟ್’ ಎಂಬ ಹಾಡನ್ನು ರೂಫಸ್ ಥಾಮಸ್‌ನಿಂದ ಹಾಡಿಸಿ ಸನ್ ಹೊರತಂದಿತು. ಬಟ್ಟೆ ಗಿರಣಿಯಲ್ಲಿ ದುಡಿಯುತ್ತಾ, ಡಬ್ಲ್ಯೂಡಿಐಎ ರೇಡಿಯೋದಲ್ಲಿ ಕಾರ್ಯಕ್ರಮವನ್ನೂ ನಡೆಸುತ್ತಿದ್ದ ಥಾಮಸ್ ರಂಜನೆಯ ಕಲೆಯಲ್ಲಿ ನುರಿತವನು. ಹಾಡು ಚೆನ್ನಾಗಿ ಮಾರಾಟವಾಯಿತು. ಆದರೆ ಧಾಟಿ ಮೂಲ ಹಾಡಿನದೇ. ಅದರ ಹಕ್ಕುದಾರ, ಹ್ಯೂಸ್ಟನ್ ನಗರದ ಡಾನ್ ರೋಬಿ ದಾವೆ ಹೂಡಿದ. ಸನ್ ಸೋತಿತು. ತಟ್ಟೆಯೊಂದಕ್ಕೆ 2 ಸೆಂಟ್‌ನಂತೆ ಪರಿಹಾರ, ಮೇಲೆ ನ್ಯಾಯಾಲಯದ ಖರ್ಚು ತೆರಬೇಕಾಯಿತು. ಮೊದಲ ಗೆಲುವೇ ಅಂಗಡಿಯನ್ನು ದಿವಾಳಿಯ ಅಂಚಿಗೆ ತಂದಿತು.

ಅದೇ ವರ್ಷ ಜೂನ್ 1ರಂದು ಬಂದ ಕಲಾವಿದರಂತೂ ಕಾವಲುಗಾರರ ಜೊತೆಯಲ್ಲೇ ಬಂದರು. ನ್ಯಾಷ್‌ವಿಲ್‌ನ ರಾಜ್ಯ ಕಾರಾಗೃಹದ ಐವರು ಕೈದಿಗಳ ಗಾಯನ ತಂಡವದು, ಹೆಸರು ಪ್ರಿಸನೇರ್ಸ್. ಬಂದೂಕುಧಾರಿಗಳು ಹೊರಗೆ ಕಾದರು, ಒಳಗೆ ಇಡೀ ದಿನ ಹಾಡು ನಡೆಯಿತು. ಜಾನಿ ಬ್ರ್ಯಾಗ್ ಮತ್ತು ರಾಬರ್ಟ್ ರೈಲಿ ಎಂಬ ಕೈದಿಗಳು ಜೈಲಿನಲ್ಲೇ ಕಟ್ಟಿದ್ದ, ಮಳೆಯಲ್ಲಿ ನಡೆಯುವ ಒಬ್ಬಂಟಿಯ ಹಾಡು ಮನೆಮಾತಾಯಿತು. ಜುಲೈನಲ್ಲಿ ಊರಿನ ಪತ್ರಿಕೆ ಈ ಬಗ್ಗೆ ದೊಡ್ಡ ವರದಿ ಬರೆದು ಯೂನಿಯನ್ ಅವೆನ್ಯೂದ ಅಂಗಡಿಯ ಹೆಸರನ್ನೂ ಹೇಳಿತು. ಆಗಷ್ಟೇ ಶಾಲೆ ಮುಗಿಸಿದ್ದ ಹುಡುಗನೊಬ್ಬ ಆ ಬೇಸಿಗೆಯಲ್ಲೇ ಅಂಗಡಿಯ ಬಾಗಿಲಿಗೆ ಬಂದ.

ಮುಂಗೋಣೆಯ ಚೀಟಿ

ಸುಮಾರು 4 ಡಾಲರ್ ಕೊಟ್ಟರೆ ಯಾರು ಬೇಕಾದರೂ ಎರಡು ಹಾಡು ಹಾಡಿ ಒಂದು ತಟ್ಟೆಯನ್ನು ಮನೆಗೆ ಒಯ್ಯಬಹುದಿತ್ತು. ಎಲ್ವಿಸ್ ಪ್ರೆಸ್ಲಿಗೆ ಆಗ 18 ವರ್ಷ. ಸರದಿಗಾಗಿ ಮುಂಗೋಣೆಯಲ್ಲಿ ಕಾಯುತ್ತಿದ್ದವನನ್ನು ಮ್ಯಾರಿಯನ್ ಮಾತಿಗೆಳೆದಳು: ಯಾವ ಧಾಟಿಯ ಹಾಡುಗಾರ? ಯಾರ ಹಾಗೆ ಹಾಡುತ್ತಿ? ತಾನು ಯಾರ ಹಾಗೂ ಹಾಡುವುದಿಲ್ಲ ಎಂದು ಆ ಸಂಕೋಚದ ಹುಡುಗ ಉತ್ತರಿಸಿದ. ಹಾಡು ಕೇಳಿದ ಮೇಲೆ ಮ್ಯಾರಿಯನ್ ಆತನ ಹೆಸರು ಬರೆದು, ಒಳ್ಳೆಯ ಭಾವಗೀತೆಯ ಗಾಯಕ, ಗಮನದಲ್ಲಿಡಬೇಕು ಎಂಬರ್ಥದ ಪುಟ್ಟ ಟಿಪ್ಪಣಿ ಸೇರಿಸಿದಳು.

ಮುಂದೆ ಈ ದಿನದ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಆ ದಿನ ಸ್ಯಾಮ್ ಇರಲಿಲ್ಲ, ಯಂತ್ರ ನಡೆಸಿದ್ದು ತಾನೇ, ಆತನಿಗೆ ಕೇಳಿಸಲೆಂದು ಟೇಪಿನಲ್ಲೂ ಹಿಡಿದಿಟ್ಟೆ ಎಂಬುದು ಮ್ಯಾರಿಯನ್‌ಳ ಮಾತು. ತಟ್ಟೆ ಕೊರೆದದ್ದು ತಾನೇ, ಆಕೆಗೆ ಯಂತ್ರ ನಡೆಸುವ ಕೆಲಸವೇ ಇರಲಿಲ್ಲ ಎಂಬುದು ಸ್ಯಾಮ್‌ನ ಮಾತು. ಒಂದೇ ಅಂಗಡಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದ ಇಬ್ಬರ ನೆನಪುಗಳು ಒಂದಾಗಲೇ ಇಲ್ಲ. ಯಂತ್ರದ ಗುಂಡಿ ಯಾರು ಒತ್ತಿದರೆಂಬುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಇತಿಹಾಸದಲ್ಲಿ ತನ್ನ ಹೆಸರು ಬರುವುದೋ ಇಲ್ಲವೋ ಎಂಬ ಪ್ರಶ್ನೆ ಆ ಒಂದು ಗುಂಡಿಯನ್ನೇ ನಂಬಿಕೊಂಡಿರುವವರಿಗೆ ಅದು ಸಣ್ಣದಲ್ಲ.

ಮುಂದಿನ ವರ್ಷ ಸ್ಯಾಮ್ ಆ ಹುಡುಗನನ್ನು ಕರೆಸಿ ಒಂದು ಹಾಡು ಪ್ರಯತ್ನಿಸಿದ. ಫಲಿಸಲಿಲ್ಲ. ಆಮೇಲೆ ಗಿಟಾರ್ ವಾದಕ ಸ್ಕಾಟಿ ಮೂರ್, ದೊಡ್ಡ ಬೇಸ್ ವಾದ್ಯದ ಬಿಲ್ ಬ್ಲ್ಯಾಕ್ ಇಬ್ಬರನ್ನೂ ಜೊತೆಗೂಡಿಸಿದ. ಯಾರೂ ಸಂಗೀತವನ್ನೇ ನಂಬಿ ಬದುಕಿದವರಲ್ಲ. ಮೂರ್ ಅಣ್ಣನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಟೋಪಿ ಶುಚಿ ಮಾಡುತ್ತಿದ್ದ. ಬ್ಲ್ಯಾಕ್ ಟೈರ್ ಕಾರ್ಖಾನೆಯ ನೌಕರ. ಎಲ್ವಿಸ್ ವಿದ್ಯುತ್ ಸಾಮಾನಿನ ಕಂಪನಿಯೊಂದರ ಟ್ರಕ್ ಚಾಲಕ. 1954ರ ಜುಲೈ 5ರ ಸಂಜೆ ಕೆಲಸ ಮುಗಿಸಿಕೊಂಡು ಮೂವರೂ ಬಂದರು. ನಿಧಾನ ಗತಿಯ ಹಾಡುಗಳನ್ನು ಎಷ್ಟು ಬಾರಿ ಹಾಡಿದರೂ ಕಳೆ ಕಟ್ಟಲಿಲ್ಲ. ದಣಿದು ಬಿಡುವು ತೆಗೆದುಕೊಂಡರು. ಆ ಬಿಡುವಿನಲ್ಲಿ ಎಲ್ವಿಸ್ ಸುಮ್ಮನೆ ತಮಾಷೆಗೆಂದು ಆರ್ಥರ್ ಕ್ರಡಪ್ ಎಂಬ ಕಪ್ಪು ಗಾಯಕನ ಹಳೆಯ ಹಾಡೊಂದನ್ನು ಕುಣಿಯುತ್ತಾ ಹಾಡತೊಡಗಿದ. ಬ್ಲ್ಯಾಕ್ ಕೂಡಿಕೊಂಡ, ಮೂರ್ ಕೂಡಿಕೊಂಡ. ಯಂತ್ರದ ಕೋಣೆಯಿಂದ ಸ್ಯಾಮ್ ತಲೆ ಹೊರಹಾಕಿ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಗೊತ್ತಿಲ್ಲ ಎಂದರು. ಹಾಗಾದರೆ ಮೊದಲಿನಿಂದ ಮತ್ತೆ ಮಾಡಿ ಎಂದ.

ಕೆಲವೇ ದಿನಗಳಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ಉದ್ಘೋಷಕ ಅದನ್ನು ರೇಡಿಯೋದಲ್ಲಿ ಹಾಕಿದ. ಆತ ಸ್ಯಾಮ್‌ನ ಗೆಳೆಯ. ಹೆಸರು ಹೊಂದಿದರೂ ನೆಂಟನಲ್ಲ. ಕೇಳುಗರ ಫೋನುಗಳು ನಿಲ್ಲಲಿಲ್ಲ. ನಾಚಿಕೆಯಿಂದ ಸಿನಿಮಾ ಮಂದಿರದ ಕತ್ತಲಲ್ಲಿ ಅಡಗಿದ್ದ ಎಲ್ವಿಸ್‌ನನ್ನು ಹುಡುಕಿ ಕರೆತಂದರು. ಯಾವ ಶಾಲೆಯಲ್ಲಿ ಓದಿದೆ ಎಂದು ಡ್ಯೂಯಿ ಮಾತಿನ ನಡುವೆ ಕೇಳಿದ. ಶಾಲೆಯ ಹೆಸರು ಹೇಳಿದರೆ ಹುಡುಗ ಬಿಳಿಯನೆಂದು ಊರಿಗೆಲ್ಲ ತಿಳಿಯುತ್ತದೆ, ಅದಕ್ಕೆ. ಮೈಕು ಆಗಲೇ ತೆರೆದಿದೆಯೆಂದು ಪಾಪ, ಆತನಿಗೆ ಗೊತ್ತೇ ಇರಲಿಲ್ಲ.

35 ಸಾವಿರ ಡಾಲರಿನ ಬಿಡುಗಡೆ

ಎಲ್ವಿಸ್ ಸನ್‌ನಲ್ಲಿ ಇದ್ದದ್ದು ಒಂದೂವರೆ ವರ್ಷ ಮಾತ್ರ. 1955ರ ನವೆಂಬರ್‌ನಲ್ಲಿ ಆತನ ಒಪ್ಪಂದವನ್ನು ಆರ್‌ಸಿಎ ಕಂಪನಿಗೆ ಸ್ಯಾಮ್ 35 ಸಾವಿರ ಡಾಲರಿಗೆ ಮಾರಿದ. ಎಲ್ವಿಸ್‌ಗೆ ಸಲ್ಲಬೇಕಿದ್ದ ಗೌರವಧನದ ಬಾಕಿ 5 ಸಾವಿರವನ್ನೂ ಆರ್‌ಸಿಎ ವಹಿಸಿಕೊಂಡಿತು. ಚಿನ್ನದ ಮೊಟ್ಟೆಯ ಕೋಳಿಯನ್ನು ಮಾರಿದ ಮೂರ್ಖ ಎಂದು ಆಮೇಲೆ ಎಷ್ಟೋ ಜನ ಹಂಗಿಸಿದರು. ಆದರೆ ಹಿಂದೆ ಹೇಳಿದ ಲೆಕ್ಕಾಚಾರವನ್ನು ನೆನಪಿಸಿಕೊಂಡರೆ ಆತ ಮಾಡಿದ್ದು ಮೂರ್ಖತನ ಅನ್ನಿಸುವುದಿಲ್ಲ. ಕಾರ್ಖಾನೆಯ ಸಾಲ ತೀರಿಸಬೇಕಿತ್ತು, ಅಣ್ಣ ಜಡ್‌ನ ಪಾಲನ್ನು ಬಿಡಿಸಿಕೊಳ್ಳಬೇಕಿತ್ತು, ಉಳಿದ ಗಾಯಕರಿಗೆ ಬಂಡವಾಳ ಹಾಕಬೇಕಿತ್ತು.

ಆರ್‌ಸಿಎ ಗಾಯಕನನ್ನು ಕೊಂಡಿತು. ಆದರೆ ಸನ್‌ನ ನಾದವನ್ನು ಕೊಳ್ಳಲಾಗಲಿಲ್ಲ. 1956ರ ಜನವರಿಯಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ಹಾಡಿಸುವಾಗ ಆ ದೊಡ್ಡ ಕಂಪನಿಯ ತಂತ್ರಜ್ಞರು ಸನ್‌ನ ಪ್ರತಿಧ್ವನಿಯನ್ನು ತರಲು ಹಜಾರದಲ್ಲೇ ಧ್ವನಿ ಹಾಯಿಸಿ ನೋಡಿದರು. ಸ್ಯಾಮ್‌ನ ಉಪಾಯ ಸರಳವಾದದ್ದು. ಟೇಪ್ ಯಂತ್ರದಲ್ಲಿ ಧ್ವನಿ ಬರೆಯುವ ಮೊನೆ ಒಂದು ಕಡೆ, ಓದುವ ಮೊನೆ ಇನ್ನೊಂದು ಕಡೆ ಇರುತ್ತದೆ. ಎರಡರ ನಡುವೆ ಟೇಪ್ ಹಾದುಹೋಗಲು ಕಣ್ಣುಮಿಟುಕಿಸುವಷ್ಟು ಹೊತ್ತು ಬೇಕು. ಎರಡನೆಯ ಯಂತ್ರದಿಂದ ಹೀಗೆ ತಡವಾಗಿ ಬಂದ ಧ್ವನಿಯನ್ನು ಮೂಲ ಧ್ವನಿಯ ಜೊತೆ ಬೆರೆಸಿದರೆ ಚಪ್ಪಾಳೆಯಂಥ ಮರುದನಿ ಹುಟ್ಟುತ್ತದೆ. ಹೆಚ್ಚು ಹಣದ ಮಾತಲ್ಲ, ಕೈಗುಣದ ಮಾತು.

ಆ ಹೊತ್ತಿಗೇ ಸ್ಯಾಮ್ ಇನ್ನೊಂದು ಸಾಹಸಕ್ಕೂ ಕೈಹಾಕಿದ್ದ. 1955ರ ಅಕ್ಟೋಬರ್ 29ರಂದು ಡಬ್ಲ್ಯೂಎಚ್‌ಇಆರ್ ಎಂಬ, ಮಹಿಳೆಯರೇ ಮಾತಾಡುವ ರೇಡಿಯೋ ಕೇಂದ್ರ ಆರಂಭವಾಯಿತು. ಮೊದಲು ಕೇಳಿಬಂದ ಧ್ವನಿ ಮ್ಯಾರಿಯನ್‌ಳದು. ಹೀಗೆ ಮತ್ತೊಂದು ಕೆಲಸ ಆಕೆಯ ಹೆಗಲೇರಿತು.

ತಂತಿಗೆ ಸಿಕ್ಕಿಸಿದ ಕಾಗದ

ಎಲ್ವಿಸ್ ಹೋದ ಮೇಲೆ ಅಂಗಡಿ ಮುಚ್ಚಲಿಲ್ಲ, ಬದಲಾಗಿ ತುಂಬಿ ತುಳುಕಿತು. ಮನೆ ಮನೆಗೆ ಹೋಗಿ ಗೃಹೋಪಯೋಗಿ ಯಂತ್ರ ಮಾರುತ್ತಿದ್ದ ಜಾನಿ ಕ್ಯಾಶ್ ಆಗಲೇ ಬಂದಿದ್ದ. ಆತನ ಜೊತೆಗಾರರು ಲೂಥರ್ ಪರ್ಕಿನ್ಸ್ ಮತ್ತು ಮಾರ್ಷಲ್ ಗ್ರಾಂಟ್ ಮೋಟಾರು ಮೆಕ್ಯಾನಿಕ್ಕುಗಳು. ತಾಳ ಹಿಡಿಯಲು ಡ್ರಮ್ ಇರಲಿಲ್ಲ. ಗಿಟಾರಿನ ತಂತಿಗಳ ಕೆಳಗೆ ಕಾಗದದ ತುಂಡೊಂದನ್ನು ಸಿಕ್ಕಿಸಿ ಮೀಟಿದರೆ ಡ್ರಮ್ಮಿನಂತೆ ಚರಚರ ಸದ್ದು ಬರುತ್ತಿತ್ತು. 1956ರ ‘ಐ ವಾಕ್ ದ ಲೈನ್’ ಹಾಡಿನಲ್ಲಿ ಕೇಳುವುದು ಅದೇ ಕಾಗದ. ಆ ಹಾಡನ್ನು ಕ್ಯಾಶ್ ನಿಧಾನವಾಗಿ ಹಾಡಲು ಬಯಸಿದ್ದ. ಸ್ಯಾಮ್ ಚುರುಕಾದ ಗತಿಯಲ್ಲಿ ಹಾಡಿಸಿ ಅದನ್ನೇ ಬಿಡುಗಡೆ ಮಾಡಿದ. ರೇಡಿಯೋದಲ್ಲಿ ಕೇಳಿ ಗಾಬರಿಯಾದ ಕ್ಯಾಶ್, ತಟ್ಟೆಗಳನ್ನು ಕಳಿಸುವುದು ನಿಲ್ಲಿಸಿ ಎಂದು ಬೇಡಿಕೊಂಡ. ಸ್ಯಾಮ್ ನಿಲ್ಲಿಸಲಿಲ್ಲ. ಕ್ಯಾಶ್‌ನ ಜೀವಮಾನದ ಹಾಡು ಅದಾಯಿತು.

ಎಲ್ಲ ಆಕಸ್ಮಿಕಗಳೂ ಹೀಗೆ ಶುಭವಾಗಿ ಮುಗಿಯಲಿಲ್ಲ. ಗೇಣಿದಾರರ ಮಗ ಕಾರ್ಲ್ ಪರ್ಕಿನ್ಸ್ ಬರೆದು ಹಾಡಿದ ‘ಬ್ಲೂ ಸ್ವೀಡ್ ಶೂಸ್’ 1956ರ ಆರಂಭದಲ್ಲಿ ದೇಶವನ್ನೇ ಕುಣಿಸಿತು. ಮಾರ್ಚ್ 22ರಂದು ದೂರದರ್ಶನದ ದೊಡ್ಡ ಕಾರ್ಯಕ್ರಮಕ್ಕಾಗಿ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಕಾರು ಅಪಘಾತಕ್ಕೀಡಾಯಿತು. ಕಾರ್ಲ್ ಆಸ್ಪತ್ರೆ ಸೇರಿದ. ಅಣ್ಣ ಜೇಗೆ ತೀವ್ರ ಪೆಟ್ಟಾಯಿತು. ಗುಣವಾಗಿ ಬರುವಷ್ಟರಲ್ಲಿ ಅದೇ ಹಾಡು ಎಲ್ವಿಸ್‌ನ ಹಾಡೂ ಆಗಿತ್ತು.

ಕೆಲಸ ಹೆಚ್ಚಿದಂತೆ 1956ರಲ್ಲಿ ಜಾಕ್ ಕ್ಲೆಮೆಂಟ್ ಎಂಬ ತುಂಟ ಸ್ವಭಾವದ ತಂತ್ರಜ್ಞ ಸೇರಿಕೊಂಡ. ಲೂಸಿಯಾನಾದ ಜೆರ್ರಿ ಲೀ ಲೂಯಿಸ್ ಅಪ್ಪನ ಜೊತೆ ಮೊಟ್ಟೆ ಮಾರಿ ಬಂದ ಹಣದಲ್ಲಿ ಮೆಂಫಿಸ್‌ಗೆ ಬಂದಾಗ ಸ್ಯಾಮ್ ಊರಿನಲ್ಲಿರಲಿಲ್ಲ. ಹಾಡಿಸಿ ಟೇಪ್ ಇಟ್ಟುಕೊಂಡವನು ಕ್ಲೆಮೆಂಟ್. ಡಿಸೆಂಬರ್ 4ರಂದು ಕಾರ್ಲ್ ಪರ್ಕಿನ್ಸ್‌ನ ಧ್ವನಿಮುದ್ರಣ ನಡೆಯುತ್ತಿದ್ದಾಗ ಎಲ್ವಿಸ್ ಹಳೆಯ ಸಲುಗೆಯಿಂದ ಒಳಬಂದು ಪಿಯಾನೋ ಮುಂದೆ ಕುಳಿತ. ಜೆರ್ರಿ ಲೀ ಅಲ್ಲೇ ಇದ್ದ. ಕ್ಯಾಶ್ ಕೂಡ ಬಂದ. ಹರಟೆ, ಭಜನೆ, ಹಾಡು ಶುರುವಾಯಿತು. ಕ್ಲೆಮೆಂಟ್ ಟೇಪನ್ನು ತಿರುಗಲು ಬಿಟ್ಟ, ಸ್ಯಾಮ್ ಪತ್ರಿಕೆಯವರಿಗೆ ಫೋನ್ ಮಾಡಿದ. ಇಬ್ಬರ ಬುದ್ಧಿಯೂ ಒಂದೇ ಗಳಿಗೆಯಲ್ಲಿ ಬೇರೆಬೇರೆ ದಿಕ್ಕಿಗೆ ಓಡಿದ್ದನ್ನು ಗಮನಿಸಬೇಕು. ಆ ಟೇಪು ಸಾರ್ವಜನಿಕರಿಗೆ ತಲುಪಿದ್ದು 1980ರ ದಶಕದಲ್ಲಿ.

1957ರ ಅಕ್ಟೋಬರ್‌ನ ಇನ್ನೊಂದು ಟೇಪೂ ಉಳಿದಿದೆ. ‘ಗ್ರೇಟ್ ಬಾಲ್ಸ್ ಆಫ್ ಫೈರ್’ ಹಾಡಬೇಕಾದ ಜೆರ್ರಿ ಲೀ ಇದ್ದಕ್ಕಿದ್ದಂತೆ ಇದು ಸೈತಾನನ ಸಂಗೀತ, ಹಾಡಿದರೆ ನರಕವೆಂದು ಹಟ ಹಿಡಿದ. ಸಂಗೀತದಿಂದ ಜನರಿಗೆ ಒಳಿತನ್ನೂ ಮಾಡಬಹುದೆಂದು ಸ್ಯಾಮ್ ವಾದಿಸಿದ. ದೇವರು, ಪಾಪ, ಮುಕ್ತಿಗಳ ಮೇಲೆ ಚರ್ಚೆ ಕಾವೇರಿತು. ಕೊನೆಗೆ ಹಾಡಿದ, ಹಾಡು ಪ್ರಪಂಚ ಸುತ್ತಿತು.

ಚದುರಿದವರು

ಇಷ್ಟೆಲ್ಲ ಕಟ್ಟಿದವರು ಒಬ್ಬೊಬ್ಬರಾಗಿ ಚದುರಿದ್ದೂ ಇದೇ ಕಥೆಯ ಭಾಗ. ಎಲ್ವಿಸ್ ಗೆದ್ದ ಮೇಲೆ ಸನ್ ಬಿಳಿಯ ಹುಡುಗರ ಹಿಂದೆ ಹೋಯಿತು, ಬುನಾದಿ ಹಾಕಿದ ಕಪ್ಪು ಕಲಾವಿದರನ್ನು ಕೈಬಿಟ್ಟಿತು ಎಂದು ರೂಫಸ್ ಥಾಮಸ್ ಕೊನೆಯವರೆಗೂ ಹೇಳುತ್ತಿದ್ದ. ಆ ಮಾತನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಎಲ್ವಿಸ್‌ನ ಮೊದಲ ಹಾಡಿನ ಮೂಲಕರ್ತ ಆರ್ಥರ್ ಕ್ರಡಪ್‌ಗೆ ಅದರಿಂದ ಸಲ್ಲಬೇಕಾದ ಹಣ ಸಲ್ಲಲಿಲ್ಲ. ಆ ಅನ್ಯಾಯ ಸನ್‌ಗಿಂತ ಮೊದಲೇ, ಹಕ್ಕುಗಳನ್ನು ನಿರ್ವಹಿಸುವವರ ಕಡೆಯಿಂದ ಆರಂಭವಾಗಿತ್ತು. 1974ರಲ್ಲಿ ಆತ ಬಡತನದಲ್ಲೇ ತೀರಿಕೊಂಡ.

ಮ್ಯಾರಿಯನ್ 1957ರಲ್ಲಿ ಸ್ಯಾಮ್‌ನೊಡನೆ ಜಗಳವಾಡಿ ಹೊರನಡೆದಳು. ನಲವತ್ತರ ಹೊಸ್ತಿಲಲ್ಲಿ ಅಮೆರಿಕದ ವಾಯುಪಡೆ ಸೇರಿ ಅಧಿಕಾರಿಯಾದಳು. 1958ರಲ್ಲಿ ಕ್ಯಾಶ್ ಹೆಚ್ಚಿನ ಗೌರವಧನ ಮತ್ತು ಭಕ್ತಿಗೀತೆಗಳನ್ನು ಹಾಡುವ ಅವಕಾಶ ಬಯಸಿ ಕೊಲಂಬಿಯಾ ಕಂಪನಿಗೆ ಹೋದ. ಅದೇ ವರ್ಷ 13ರ ಬಾಲೆಯನ್ನು ಮದುವೆಯಾದ ಸುದ್ದಿ ಲಂಡನ್‌ನಲ್ಲಿ ಸ್ಫೋಟಿಸಿ ಜೆರ್ರಿ ಲೀಯ ಕೀರ್ತಿ ನೆಲಕಚ್ಚಿತು. 1959ರ ಮಾರ್ಚ್‌ನಲ್ಲಿ ಕ್ಲೆಮೆಂಟ್ ಮತ್ತು ಸಂಗೀತ ನಿರ್ದೇಶಕ ಬಿಲ್ ಜಸ್ಟಿಸ್ ಇಬ್ಬರನ್ನೂ ಅವಿಧೇಯತೆಯ ಕಾರಣ ಕೊಟ್ಟು ಸ್ಯಾಮ್ ಕೆಲಸದಿಂದ ತೆಗೆದ. ಮುಂದಿನ ವರ್ಷ ಮ್ಯಾಡಿಸನ್ ಅವೆನ್ಯೂದಲ್ಲಿ ದೊಡ್ಡದಾದ, ಸುಸಜ್ಜಿತವಾದ ಹೊಸ ಕಟ್ಟಡ ಸಿದ್ಧವಾಯಿತು. ಕೋಣೆಗಳು ಹೆಚ್ಚಾದವು, ಆದರೆ ಹಳೆಯ ಕಾವು ಅಲ್ಲಿ ಹತ್ತಿಕೊಳ್ಳಲಿಲ್ಲ. 1969ರಲ್ಲಿ ಸನ್ ಅನ್ನು ಶೆಲ್ಬಿ ಸಿಂಗಲ್ಟನ್ ಎಂಬ ವ್ಯಾಪಾರಿಗೆ ಮಾರಲಾಯಿತು.

1960ರ ಮಾರ್ಚ್ 1ರಂದು ಜರ್ಮನಿಯಲ್ಲಿ ನಡೆದ ಪ್ರಸಂಗವೊಂದಿದೆ. ಸೈನ್ಯದ ಸೇವೆ ಮುಗಿಸಿ ಹೊರಟಿದ್ದ ಎಲ್ವಿಸ್‌ಗೆ ಪತ್ರಿಕಾಗೋಷ್ಠಿ ಏರ್ಪಾಟಾಗಿತ್ತು. ಆಗ ಅಲ್ಲೇ ನಿಯುಕ್ತಳಾಗಿದ್ದ ಕ್ಯಾಪ್ಟನ್ ಮ್ಯಾರಿಯನ್ ಸಮವಸ್ತ್ರದಲ್ಲೇ ಅಲ್ಲಿಗೆ ಬಂದಿದ್ದಳು. ಎಲ್ವಿಸ್ ಕೂಡಲೇ ಗುರುತಿಸಿದ. ಸಾಮಾನ್ಯ ಸೈನಿಕನೊಡನೆ ಅಧಿಕಾರಿ ಹೀಗೆ ಸಲುಗೆಯಿಂದ ಮಾತಾಡುವುದು ಸರಿಯಲ್ಲವೆಂದು ಮೇಲುಸ್ತುವಾರಿಯ ಅಧಿಕಾರಿ ಆಕ್ಷೇಪಿಸಿದಾಗ, ಈಕೆ ಇಲ್ಲದಿದ್ದರೆ ಇಂದು ಈ ಗೋಷ್ಠಿಯೇ ಇರುತ್ತಿರಲಿಲ್ಲ ಎಂದು ಆತ ಹೇಳಿದ. ಮುಂಗೋಣೆಯಲ್ಲಿ ಕುಳಿತಿದ್ದವಳಿಗೆ ಎಲ್ಲರೆದುರು ಸಿಕ್ಕ ಮನ್ನಣೆ ಅದು. ಮುಂದೆ ಮೆಂಫಿಸ್‌ಗೆ ಮರಳಿ ಮಹಿಳಾ ಹಕ್ಕುಗಳ ಚಳವಳಿಯಲ್ಲಿ ದುಡಿದು 1989ರಲ್ಲಿ ಆಕೆ ತೀರಿಕೊಂಡಳು.

706ನೇ ನಂಬರಿನ ಮಳಿಗೆ ಬೇರೆಬೇರೆ ಕೈಗಳನ್ನು ಕಂಡು 1987ರಲ್ಲಿ ಮತ್ತೆ ಧ್ವನಿಮುದ್ರಣ ಕೇಂದ್ರವಾಗಿ ತೆರೆಯಿತು. ಸ್ಯಾಮ್ ಫಿಲಿಪ್ಸ್ 2003ರ ಜುಲೈ 30ರಂದು ನಿಧನನಾದ. ಮರುದಿನವೇ ಆ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. 4 ಡಾಲರಿಗೆ ಎಲ್ವಿಸ್ ಹಾಡಿ ಒಯ್ದ ಆ ಮೊದಲ ತಟ್ಟೆ 2015ರ ಹರಾಜಿನಲ್ಲಿ 3 ಲಕ್ಷ ಡಾಲರಿಗೆ ಹೋಯಿತು.

ಸಣ್ಣ ಸಂಸ್ಥೆಗಳ ಬಗ್ಗೆ ಮಾತಾಡುವಾಗ ನಾವು ಒಬ್ಬ ಪ್ರತಿಭಾವಂತನನ್ನು ಆರಿಸಿಕೊಂಡು ಉಳಿದವರನ್ನು ಆತನ ಸಹಾಯಕರೆಂದು ಕರೆದುಬಿಡುತ್ತೇವೆ. ಸನ್‌ನ ಕಥೆ ಅಷ್ಟು ಸರಳವಲ್ಲ. ಹರಿದ ಸ್ಪೀಕರನ್ನು ಎಸೆಯದೆ ಕಿವಿಗೊಟ್ಟ ಸ್ಯಾಮ್‌ನ ದೊಡ್ಡತನ ನಿಜ. ಆ ಸ್ಪೀಕರು ಕಿಝಾರ್ಟ್‌ನದು ಎಂಬುದೂ ಅಷ್ಟೇ ನಿಜ. ಕ್ರಡಪ್‌ನ ಹಾಡು, ಕ್ಲೆಮೆಂಟ್ ತಿರುಗಲು ಬಿಟ್ಟ ಟೇಪು, ಮ್ಯಾರಿಯನ್ ಬರೆದಿಟ್ಟ ಚೀಟಿ ಕೂಡ ಅದೇ ಲೆಕ್ಕಕ್ಕೆ ಸೇರಬೇಕು. ಗೆಲುವಿನ ಪಾಲು ಅವರಿಗೆ ಸಮನಾಗಿ ಹಂಚಿಕೆಯಾಗಲಿಲ್ಲ. ಹಣದ ಆ ಲೆಕ್ಕವನ್ನು ಈಗ ಸರಿಪಡಿಸಲಾಗದು. ಹೆಸರಿನ ಲೆಕ್ಕವನ್ನಾದರೂ ಸರಿಯಾಗಿ ಬರೆಯಬಹುದು.